ಆರು ಗಂಟೆಯ ಬಾಟಲಿ

ಹಾಸ್ಟೆಲಿನ ಗೋಡೆಗೆ ಒಂದೇ ಮೊಳೆ,
ಅದಕ್ಕೇ ಎರಡು ಪಟ್ಟಿ:
ಮೇಲೆ ರಮಜಾನಿನ ಸಹರಿ ಇಫ್ತಾರುಗಳ ವೇಳೆ,
ಕೆಳಗೆ ಕಾರವಾರ ಬಂದರಿನ ಭರತ ಇಳಿತ.
ಕಿಟಕಿಯಿಂದ ಗಾಳಿ ನುಗ್ಗಿದರೆ
ಒಂದರ ಹಾಳೆ ಎದ್ದು ಇನ್ನೊಂದರ ಅಂಕಿ ಕಾಣುತ್ತದೆ.

ಟೊಂಕದ ನನ್ನಜ್ಜನಿಗೆ ಎರಡೂ ಬೇಕಿರಲಿಲ್ಲ.
ದೋಣಿಯಂಚಿಗೆ ಕೂತು, ಕತ್ತು ಮೇಲೆತ್ತಿ,
"ಇವತ್ತು ಹದಿನಾಲ್ಕು. ನೀರು ಬಾಗಿಲ ತನಕ ಬರ್ತದೆ" ಅನ್ನುತ್ತಿದ್ದ.
ಬರುತ್ತಿತ್ತು.
ರೋಜಾ ಹಿಡಿಸುವ ಚಂದ್ರನೇ ಕಡಲನ್ನು ಎಳೆಯುವ ಚಂದ್ರ ಎಂದು
ಎಂಎಸ್ಸಿಗೆ ಬಂದ ಮೇಲೆ ಹೊಳೆದು,
ಬೆರಗಾಗಿ ಫೋನು ಮಾಡಿದರೆ
ಅತ್ತಲಿಂದ ನಗು:
"ಮತ್ತೆ? ಎರಡು ಉಂಟೇನೆ?"

ಇಪ್ಪತ್ತೇಳನೆಯ ರಾತ್ರಿ.
ಕೋಡಿಬಾಗದಲ್ಲಿ, ಕಾಳಿ ಕಡಲಿಗೆ ಸೇರುವಲ್ಲಿ,
ಎರಡೆರಡು ತಾಸಿಗೊಮ್ಮೆ ನೀರೆತ್ತುವ ಸರದಿ ನನ್ನದು.
"ನಿನ್ನ ದೊಡ್ಡ ರಾತ್ರಿಯಲ್ವಾ, ನಾನು ಕೂರ್ತೇನೆ"
ಅಂದಳು ಸುಗಂಧಾ ಹರಿಕಂತ್ರ.
"ಎರಡೂ ಆಗ್ತದೆ ನನ್ನಿಂದ" ಅಂದೆ.
ಆ ಮಾತಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.

ಲ್ಯಾಬಿನ ಹಿಂದಿನ ಕೋಣೆಯಲ್ಲಿ ಹರಿದ ಬಲೆ, ಫಾರ್ಮಲಿನ್ ವಾಸನೆ.
ಗಾಜಿನೊಳಗಿನ ಶಾರ್ಕ್ ಮರಿ ನನ್ನನ್ನೇ ನೋಡದಂತೆ
ಜಾಡಿ ತಿರುಗಿಸಿಟ್ಟು ಮುಸಲ್ಲಾ ಹಾಸಿದೆ.
ಹನ್ನೆರಡಕ್ಕೆ ಒಂದು ಬಾಟಲಿ. ಎರಡಕ್ಕೆ ಒಂದು.
ನಡುವೆ ಯಾಕೋ ಕಣ್ಣು ತುಂಬಿ, ತುಂಬಿದ್ದಕ್ಕೇ ಖುಷಿಯಾಗಿ
ಟಾರ್ಚಿನ ಬೆಳಕಲ್ಲಿ ನಾಲ್ಕರ ನೀರನ್ನೂ ಎತ್ತಿದೆ.
ಸಹರಿಗೆ ಖರ್ಜೂರ, ಸುಗಂಧಾಳ ತಾಯಿ ಕಟ್ಟಿಕೊಟ್ಟ ತಣ್ಣನೆಯ ದೋಸೆ.
ಫಜರ್ ಮುಗಿಸಿ, ಇನ್ನೊಂದೇ ದುಆ ಎಂದು
ನೆಲಕ್ಕಿಟ್ಟ ಹಣೆಯನ್ನು
ಎತ್ತಿದ್ದು ಏಳೂಕಾಲಿಗೆ.

ನೀರು ಕಾದಿರಲಿಲ್ಲ.
ಇಳಿದು, ತಿರುಗಿ, ಮೆಟ್ಟಿಲಿಗಂಟಿದ ಕಲ್ವಗಳನ್ನು ಆಗಲೇ ಮುಚ್ಚಿತ್ತು.
ಆರು ಎಂದು ಚೀಟಿ ಹಚ್ಚಿದ ಬಾಟಲಿ
ಒಣಗಿದ ಬಾಯಿ ತೆರೆದು ನಿಂತಿತ್ತು.

ಲೆಕ್ಕ ಸುಲಭ.
ನಾಲ್ಕರ ಉಪ್ಪು 26.2,
ಎಂಟರದು 30.6,
ಕೂಡಿಸಿ ಅರ್ಧ ಮಾಡಿದರೆ 28.4.
ಎಂಥ ಸಭ್ಯ ಅಂಕಿ! ಸಾಲಿನಲ್ಲಿ ತಲೆ ತಗ್ಗಿಸಿ ನಿಂತುಕೊಂಡಿತು.
ನಕ್ಷೆಯ ಗೆರೆ ಎಲ್ಲೂ ಎಡವದೆ ಏರಿತು.

ಹಬ್ಬದ ಹಿಂದಿನ ರಾತ್ರಿ ಟೊಂಕದ ಮನೆಯಲ್ಲಿ
ಅಮ್ಮ ಫಿತ್ರದ ಅಕ್ಕಿ ಅಳೆಯುತ್ತಿದ್ದಳು.
ಸೇರಿನಿಂದ ಜಾರಿದ ನಾಲ್ಕು ಕಾಳು ಚಾಪೆಯ ಸಂದಿಗೆ ಬಿದ್ದವು.
ದೀಪ ಹತ್ತಿರ ತಂದು, ಉಗುರಲ್ಲಿ ಹೆಕ್ಕಿ,
ಮತ್ತೆ ಸೇರಿಗೇ ಹಾಕಿದಳು.
ನಾನು ಎದ್ದು ಹೊರಗೆ ಹೋದೆ.

ತಪ್ಪಿದ ನಮಾಜಿಗೆ ಕಜಾ ಉಂಟು.
ಬಿಟ್ಟ ರೋಜಾವನ್ನು ಮುಂದಿನ ತಿಂಗಳು ತೀರಿಸಬಹುದು.
ಆ ಬೆಳಗಿನ ಆರು ಗಂಟೆಯ ಕಾಳಿಯನ್ನು
ಯಾವ ತಿಂಗಳಲ್ಲಿ ಮೊಗೆಯಲಿ?

ತಳೇಕರ ಮೇಡಂ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.
"ಅಂಕಿ ಹೊಡೆದುಹಾಕು. ಮನೆ ಖಾಲಿ ಬಿಡು.
ಷರಾದಲ್ಲಿ ಕಾರಣ ಬರಿ" ಎಂದು
ಸೂಕ್ಷ್ಮದರ್ಶಕಕ್ಕೆ ಮತ್ತೆ ಬಾಗಿದರು.

ಮೊದಲು ಬಂದ ಶಬ್ದ: ಪ್ರಾರ್ಥನೆ.
ಯಾರೂ ಪ್ರಶ್ನಿಸುವಂತಿಲ್ಲ. ಸುಳ್ಳೂ ಅಲ್ಲ ಪೂರ್ತಿ.
'ಪ್ರಾ' ಬರೆದೂ ಆಗಿತ್ತು.
ಮುಸಲ್ಲಾದ ಅಡಿಗೆ ಏನೇನೆಲ್ಲ ಗುಡಿಸಿಬಿಡಬಹುದು!
ಹೊಡೆದೆ. ಬರೆದೆ:
ನಿದ್ದೆ.

ಈಗ ನನ್ನ ಗೆರೆ ಅಲ್ಲಿ ತುಂಡಾಗಿದೆ,
ದೋಣಿ ಹಾಯಲು ಬಿಟ್ಟ ಸಂದಿಯ ಹಾಗೆ.

ಹುಣ್ಣಿಮೆಗೆ ಮತ್ತೆ ಸರದಿ.
"ಫಜರ್ ಆದ ಮೇಲೆ ಒಂದು ಸಲ ನನ್ನನ್ನು ಅಲುಗಾಡಿಸ್ತೀಯಾ?"
ಎಂದು ಸುಗಂಧಾಳನ್ನು ಕೇಳಿದೆ. ಕೇಳಲು ನಾಲ್ಕು ದಿನ ಹಿಡಿಯಿತು.
"ಅಲುಗಾಡಿಸೋದೇನು," ಅಂದಳು,
"ಆರರ ಬಾಟಲಿ ತುಂಬಿಸಿ ಮುಖಕ್ಕೇ ಸುರೀತೇನೆ."