ಸಪ್ಪಳ ಮಾಡಿ ತೋರಿಸ್ರಿ

ಶಹಾಬಾದ್ ರಸ್ತೆಯಲ್ಲಿ ಪರಸಿ ಕಲ್ಲಿನ ಅಡ್ಡೆ ದಾಟಿದರೆ
ಒಂದು ತಗಡಿನ ಶೆಡ್ಡು. ಬೋರ್ಡಿಲ್ಲ.
ಗೋಡೆಗೊರಗಿದ ಬೋಳು ಟಾಯರುಗಳೇ ವಿಳಾಸ.
ಮೇ ತಿಂಗಳು, ಹನ್ನೊಂದು ಗಂಟೆಗೇ ಡಾಂಬರು ಮೆತ್ತಗಾಗಿತ್ತು.
ಹಿಂದಿನ ಸೀಟಿನಲ್ಲಿ ಲಸಿಕೆಯ ಐಸು ಪೆಟ್ಟಿಗೆ ಹೊತ್ತ
ನನ್ನ ಹಳೇ ಆಲ್ಟೋ ಕೆಮ್ಮುತ್ತ ಬಂದು ನಿಂತಿತು.

ಲಾಡ್ಲೇಸಾಬ ಬಾನೆಟ್ ಮುಟ್ಟಲಿಲ್ಲ.
ಬಾಯೊಳಗಿನ ಅಡಕೆಯನ್ನು ಈ ದವಡೆಯಿಂದ ಆ ದವಡೆಗೆ ದೂಡಿ
"ಹ್ಯಾಂಗ ಬರ್ಲತ್ತದ್ರಿ ಸಪ್ಪಳ? ಮಾಡಿ ತೋರಿಸ್ರಿ" ಅಂದ.

ದನದ ಡಾಕ್ಟರು ನಾನು, ಸರಕಾರಿ ನೌಕರಿ,
ನಡುಬೀದಿಯಲ್ಲಿ, ಪಾನಾ ಹಿಡಿದ ಇಬ್ಬರು ಹುಡುಗರ ಮುಂದೆ
ಗುರ್ರ್‌ರ್... ಗುರ್ರ್‌ರ್... ಕಿಂಯ್.
ಹುಡುಗರು ನಕ್ಕರು. ಅವನು ನಗಲಿಲ್ಲ.
"ಮುಂಜಾನಿ ತಣ್ಣಗಿದ್ದಾಗೋ, ಕಾದ ಮ್ಯಾಲೋ?
ನಿಂತಾಗ ಬರ್ತದೋ, ಓಡುವಾಗಷ್ಟೇನೋ?
ಏಸಿ ಹಚ್ಚಿದ್ರ ದನಿ ಬದಲಾಗ್ತದೇನು?"

ನನ್ನವೇ ಪ್ರಶ್ನೆಗಳು.
ಮೇವು ಬಿಟ್ಟು ಎಷ್ಟು ದಿನ ಆಯ್ತು, ಸಗಣಿ ಗಟ್ಟಿಯೋ ತೆಳುವೋ,
ಯಾವ ಮಗ್ಗುಲಿಗೆ ಮಲಗುತ್ತದೆ.
ನಾನು ಹೀಗೆ ಕೇಳುವಾಗ ಜನ ಯಾಕೆ ತಡವರಿಸುತ್ತಾರೆಂದು
ಇವತ್ತು ತಿಳಿಯಿತು.

ಮೌನೇಶ ಚಾವಿ ತಿರುವಿದ.
ಸಾಬ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು
ಅಲ್ಲಿಷ್ಟು ಇಲ್ಲಿಷ್ಟು ಊರಿ
ಕಟ್ಟಿಗೆಯ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದ.
"ಕಿವಿ ಹೋಗಿ ಆರು ವರ್ಷಾತ್ರಿ. ಎಲುಬಿಗಿ ಕೇಳ್ತದ."
ಕಣ್ಣು ಮುಚ್ಚಿದ. ಅಡಕೆ ಅಗಿಯುವುದು ನಿಂತಿತು.
"ನೀರಿನ ಪಂಪು. ಬೇರಿಂಗ್ ಸವದದ."

ಹುಡುಗ ಸೂಪರ್ ಮಾರ್ಕೆಟ್ಟಿಗೆ ಹೋಗಿ ಸಾಮಾನು ತರುವಷ್ಟರಲ್ಲಿ
ಎರಡು ಚಹಾ ಆದವು, ಮತ್ತು ಕೇಳದ ಬುದ್ಧಿಮಾತು:
"ಮುಳ್ಳು ಕೆಂಪಿಗಿ ಹತ್ತಿತಂದ್ರ ಏಸಿ ಬಂದ್ ಮಾಡ್ರಿ, ಹೀಟರ್ ಹಚ್ರಿ.
ಈ ಬಿಸಲಾಗ ಹೀಟರ್ ಅಂದ್ರ ನಗ್ತೀರಿ,
ಖರೆ, ಅದರ ಜ್ವರ ಥೋಡೆ ನೀವು ತಗೊಂಡ್ರ ಅದು ಉಳೀತದ.
ನೆರಳಿಗಿ ನಿಂದರಸ್ರಿ. ಅರ್ಧ ತಾಸು
ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ."
ಅಂಗಿಯ ತೋಳು ಏರಿಸಿದ.
ಮೊಣಕೈತನಕ ಬೆಳ್ಳಗೆ ಸುಕ್ಕುಗಟ್ಟಿದ ಚರ್ಮ.
ಯಾವ ವರ್ಷ ಅಂತ ಹೇಳಲಿಲ್ಲ, ಗಾಡಿಯ ನಂಬರ್ ಹೇಳಿದ.

"ಬ್ರೇಕ್ ಕಿರ್ರ್ ಅಂದ್ರ ಅದು ಬೇಡಿಕೊಳ್ಳೋದು,
ಗರಗರ ಅಂದ್ರ ಬೇಡೋದು ಬಿಟ್ಟದ ಅಂತ ತಿಳೀರಿ.
ನೀಲಿ ಹೊಗಿ ಇದ್ರ ಎಣ್ಣಿ ಉರೀಲತ್ತದ, ಕರಿ ಇದ್ರ ಪೆಟ್ರೋಲ್ ದಂಡ.
ಬೆಳ್ಳಗಿದ್ದು ಸಿಹಿ ವಾಸನಿ ಹೊಡದ್ರ
ಮುಂದಿನ ಊರು ಅನಬ್ಯಾಡ್ರಿ, ಇದ್ದಲ್ಲಿಂದ ಫೋನ್ ಹಚ್ರಿ.
ಬ್ಯಾಟರಿ ಮ್ಯಾಲ ಬಿಳೇ ಬೂಸು ಬಂದ್ರ ಹೊಸಾದು ಕೊಳ್ಳಬ್ಯಾಡ್ರಿ,
ಬಿಸಿನೀರು ಹಾಕಿ ತಿಕ್ಕಿದ್ರ ಸಾಕು.
ಮತ್ತ, ಆ ರೇಡಿಯೋ ಜೋರು ಮಾಡಬ್ಯಾಡ್ರಿ."

ರೇಡಿಯೋ ವಿಷಯ ನಾನು ಹೇಳಿರಲಿಲ್ಲ.
ಹದಿನೈದು ದಿನದಿಂದ ಆ ಗುರುಗುಟ್ಟುವಿಕೆಯ ಮೇಲೆ
ಹಾಡು ಹೊದಿಸಿಕೊಂಡೇ ಓಡಿಸಿದ್ದೆ.

ಹೊರಡುವಾಗ ಚೀಲದಿಂದ ನನ್ನ ಸ್ಟೆತಾಸ್ಕೋಪ್ ತೆಗೆದುಕೊಟ್ಟೆ,
ಇಟ್ಟುಕೊಳ್ಳಿ, ನನ್ನ ಹತ್ತಿರ ಇನ್ನೊಂದಿದೆ ಅಂದೆ.
ಗ್ರೀಸಿನ ಬೆರಳು ಒರೆಸಿ, ಕಿವಿಗಿಟ್ಟು,
ಎಂಜಿನ್ನಿನ ಮೇಲೆಲ್ಲ ಆಡಿಸಿ ನೋಡಿ
ತಿರುಗಿ ನನ್ನ ಕೈಯಲ್ಲೇ ಇಟ್ಟ.
"ಇದರಾಗ ಎಲ್ಲಾ ಕೂಡೇ ಬರ್ತದ್ರಿ. ನನಗ ಒಂದೇ ಬೇಕು."

ಮರುವಾರ ರಾವೂರಿನಲ್ಲಿ ನಾಗೂಬಾಯಿಯ ಎಮ್ಮೆ.
ಮೂರು ದಿನದಿಂದ ಮೆಲುಕಾಡಿಲ್ಲ, ರಾತ್ರಿ ಏನೋ ಸಪ್ಪಳ ಮಾಡ್ತದಂತೆ.
ಹೇಗೆ, ಮಾಡಿ ತೋರಿಸ್ರಿ ಅಂದೆ.
ಸೆರಗು ಬಾಯಿಗಿಟ್ಟು ನಕ್ಕಳು, ಗಂಡನ ಕಡೆ ನೋಡಿದಳು,
ಆಮೇಲೆ ಕುತ್ತಿಗೆ ಮುಂದೆ ಚಾಚಿ
ಹೊಟ್ಟೆಯ ಬುಡದಿಂದ ಎಳೆದು ತೆಗೆದಳು ಅದನ್ನು.

ಎಮ್ಮೆ ಕಿವಿ ನಿಮಿರಿಸಿ
ಅವಳತ್ತ ತಿರುಗಿ ನೋಡಿತು.