ಎರಡು ಪಹಣಿಯ ನಡುವೆ

ಮೂವತ್ತು ಮೀಟರಿನ ಟೇಪು. ಒಂದು ತುದಿ
ಚಿಕ್ಕತಾಯಮ್ಮನ ಕೈಲಿ, ಒಂದು ನನ್ನ ಕೈಲಿ.
ಬೇಲಿ ಮುಗಿಯುವ ಹೊತ್ತಿಗೆ ನಾಲ್ಕು ಸಲ ಹಾಸಿದ್ದೆವು,
ನನ್ನ ದುಪಟ್ಟಾ ಎರಡು ಸಲ ಮುಳ್ಳಿಗೆ ಸಿಕ್ಕಿತ್ತು.

ಹೊಸ ಯೋಜನೆ. ಜೀವಂತ ಬೇಲಿ ಉಳಿಸಿಕೊಂಡವರಿಗೆ
ಮೀಟರಿಗಿಷ್ಟು ಅಂತ ಸಹಾಯಧನ.
ಕಲ್ಲುಕಂಬ, ತಂತಿ ಇದ್ದರೆ ಇಲ್ಲ.
ಜೆಸಿಬಿ ತಾಗಿಸಿದರೆ ಕೊಟ್ಟದ್ದೂ ವಾಪಸ್ಸು.
ನಾಗಮಂಗಲದ ಕಚೇರಿಯಲ್ಲಿ ನನಗೆ ಹೇಳಿಕೊಟ್ಟದ್ದು ಇಷ್ಟೇ.

"ಗಿಡಗಳ ಹೆಸರು?" ಅಂದೆ.
ಅವಳು ಬೆರಳು ಮಡಚಲಿಲ್ಲ, ನಡೆಯುತ್ತಲೇ ಹೇಳಿದಳು
ಬೀದಿಯಲ್ಲಿ ನೆಂಟರ ಮನೆಗಳನ್ನು ತೋರಿಸುವ ಹಾಗೆ:
ಇದು ಕಾರೆ, ಇದರ ಹಣ್ಣಿಗೇ ಪಿಕಳಾರ ಬರಾದು.
ಇದು ಲಕ್ಕಿ, ನನ್ನ ಮೂರೂ ಬಾಣಂತನದ ನೀರಿಗೆ ಇದರದೇ ಸೊಪ್ಪು.
ಕತ್ತಾಳೆ ನಮ್ಮತ್ತೆ ನೆಟ್ಟಿದ್ದು, ಹಗ್ಗ ಹೊಸೆಯಕ್ಕೆ.
ತಂಗಡಿ ಯಾರೂ ನೆಟ್ಟಿದ್ದಲ್ಲ, ತಾನೇ ಬಂತು.
ಇಲ್ಲಿ ಬಗ್ಗಿ ನೋಡವ್ವ, ತೂತು. ಕೀರನ ದಾರಿ.
ನಮ್ಮ ಹುರುಳಿ ಹೊಲದಲ್ಲಿ ಮಲಗ್ತದೆ,
ಅವರ ರಾಗಿ ಹೊಲದಲ್ಲಿ ಇಲಿ ಹಿಡೀತದೆ.

ಅವರ ಅಂದರೆ ಬೋರಲಿಂಗಣ್ಣನ.
ಬೇಲಿ ಅರ್ಧ ಅವನ ಪಹಣಿಗೆ, ಅರ್ಧ ಇವಳ ಪಹಣಿಗೆ.
ಒಪ್ಪಿಗೆ ಎರಡೂ ಕಡೆಯದು ಬೇಕು.
ಮಾತು ಬಿಟ್ಟು ಹನ್ನೊಂದು ವರ್ಷ,
ಒಂದು ಬೇವಿನ ಕೊಂಬೆ ಕಡಿದದ್ದಕ್ಕೆ.

"ಅವನ ಹೆಬ್ಬೆಟ್ಟಿಗೆ ನಾನು ಹೋಗಿ ನಿಲ್ಲಲಾ?"
ಅನ್ನುತ್ತಿದ್ದವಳು ಗಕ್ಕನೆ ನಿಂತಳು.
ಕಾಲ ಬುಡದಿಂದ ಭರ್ರೆಂದು ಎದ್ದಿತು ಗೌಜಲು.
ಕಳ್ಳಿಯ ನೆರಳಲ್ಲಿ, ಒಣಹುಲ್ಲಿನ ನಡುವೆ
ಏಳು ಮೊಟ್ಟೆ, ಹಾಲು ಕಲಸಿದ ಮಣ್ಣಿನ ಬಣ್ಣ.
ಗೂಡು ಯಾರ ಸರ್ವೆ ನಂಬರಿಗೆ ಬರುತ್ತದೆ ಅಂತ
ಟೇಪು ಹಿಡಿದೇ ನಾನೊಮ್ಮೆ
ಲೆಕ್ಕ ಹಾಕಿದ್ದೂ ನಿಜ.

ಆಚೆಯಿಂದ ಒಂದು ಕೆಮ್ಮು.
ಬೋರಲಿಂಗಣ್ಣ, ಹೆಗಲ ಮೇಲೆ ಗುದ್ದಲಿ.
ನನಗೆ ಹೇಳಿದ, ಅವಳಿಗೆ ಕೇಳಲಿ ಅಂತ:
"ಮೇಡಮ್ಮೋರೆ, ಆ ಗೂಡು ನಂಗೊತ್ತು.
ಎಂಟು ದಿನದಿಂದ ಈ ಮಗ್ಗುಲಿಗೆ ದನ ಕಟ್ಟಿಲ್ಲ."
ಅವಳೂ ನನ್ನ ಕಡೆಗೇ ತಿರುಗಿ:
"ನಾನೂ ಕಟ್ಟಿಲ್ಲ ಅಂತ ಬರ್ಕೊ."

ಬರೆದುಕೊಂಡೆ. ಅದಕ್ಕೆ ಕಾಲಂ ಇರಲಿಲ್ಲ,
ಕೆಳಗೆ ಷರಾ ಅಂತ ಬಿಟ್ಟ ಜಾಗದಲ್ಲಿ ಎರಡು ಸಾಲು.
ಕಾಗದ ಬೇಲಿಯ ಮೇಲಿಂದ ಹೋಗಿ
ಬೇಲಿಯ ಮೇಲಿಂದಲೇ ವಾಪಸು ಬಂತು:
ಸಹಿ ಒಂದು, ಹೆಬ್ಬೆಟ್ಟು ಒಂದು,
ನಡುವೆ ಕಾರೆಮುಳ್ಳು ಚುಚ್ಚಿದ ಸಣ್ಣ ತೂತು.

ದುಡ್ಡು ಬಂದಿಲ್ಲ. ಕಡತ ಮಂಡ್ಯದಿಂದ ಹಿಂದಿರುಗಿದೆ:
"ಅರ್ಜಿ ಹರಿದಿದೆ. ಇಬ್ಬರಿಂದಲೂ ಹೊಸದಾಗಿ ಬರೆಸಿ ಸಲ್ಲಿಸುವುದು."
ಕೆಂಪು ಶಾಯಿ, ಕೆಳಗೆ ತಾರೀಖು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.
ಇಷ್ಟರಲ್ಲಿ ಮರಿ ಆಗಿರಬೇಕು.
ಇಬ್ಬರನ್ನೂ ಮತ್ತೆ ಬೇಲಿಗೆ ಕರೆಯಬೇಕು.