ಕಾಲು ಗುಳಿಗೆ

ಡಾಕ್ಟರು ಬರೆದ ಹಾಗೆ
ಹೊಸ ಬ್ಲೇಡಿನಲ್ಲಿ ಗುಳಿಗೆ ಕೊಯ್ಯುತ್ತೇನೆ.
ಅರ್ಧ, ಈ ವಾರದಿಂದ ಅರ್ಧದ ಅರ್ಧ.
ಉದುರಿದ ಪುಡಿ ಬೆರಳಿಗೆ ಒತ್ತಿ
ಎಸೆಯಲೋ, ಅವನ ನಾಲಿಗೆಗೆ ಹಚ್ಚಲೋ
ತಿಳಿಯದೆ ಸೀರೆಗೆ ಒರೆಸಿಕೊಳ್ಳುತ್ತೇನೆ.

ಬೈತಖೋಲದಲ್ಲಿ ಬುಟ್ಟಿಗಟ್ಟಲೆ ಬಂಗುಡೆ ಮಾರುವವಳು
ಮನೆಯಲ್ಲಿ ನಲವತ್ತೆರಡು ಗ್ರಾಂ ತೂಗುತ್ತೇನೆ.
ಕೊಸರು ಹಾಕುವಂತಿಲ್ಲ.
ತಟ್ಟೆಗಂಟಿದ ಕೊಬ್ಬರಿ ಎಣ್ಣೆಯನ್ನೂ
ಪ್ರೀತಮ ನೆಕ್ಕಿ ಮುಗಿಸಬೇಕು.
ಪಕ್ಕದ ಮನೆಯ ಗಂಜಿಯ ಹಬೆ ಬಂದರೆ
ಕಿಟಕಿ ಮುಚ್ಚುತ್ತೇನೆ.

ಐದು ತಿಂಗಳಾಯಿತು, ಬಂದಿಲ್ಲ.
ಏನು ಎಂದು ಹೇಳಲಾರೆ; ಕರೆದಂತಾದೀತು.

ಮಂಕಾಗಿ ಗೋಡೆ ನೋಡುತ್ತ ಕೂರುತ್ತಿದ್ದವ
ನಿನ್ನೆ ಚಪ್ಪಲಿ ಎಸೆದ, ಎದುರು ಮಾತಾಡಿದ,
ಸುಳ್ಳೂ ಹೇಳಿದ.
ಬಯ್ಯಲು ಬಾಯಿ ತೆರೆದವಳು ನಕ್ಕುಬಿಟ್ಟೆ.

ರಾತ್ರಿ ಅವನ ರೆಪ್ಪೆ ಅದುರಿತು.
ಮೊಬೈಲು ಹಿಡಿದು ಸೆಕೆಂಡು ಎಣಿಸಿದೆ.

ಬೆಳಿಗ್ಗೆ ಅವನೇ ಹೇಳಿದ:
ಆಯೀ, ಕನಸಿನಲ್ಲಿ ಅನ್ನ ಉಂಡೆ,
ಎರಡು ಸಲ ಹಾಕಿಸಿಕೊಂಡೆ.